ಮುತ್ತಣ್ಣನ ಹನ್ನೊಂದು ಹಲಗೆ, ಒಂದು ನಾಲಿಗೆ

ಬುಧವಾರ, ಬೆಳಗಿನ ಜಾವ. ಕೊಳ್ಕೆಬೈಲಿನ ಕಟ್ಟದ ಮೇಲೆ ಮುತ್ತಣ್ಣ ಕುಕ್ಕರುಗಾಲಿನಲ್ಲಿ ಕುಳಿತಿದ್ದಾನೆ. ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಮೊಣಕಾಲಿಗಿಂತ ಮೇಲೆ ಎತ್ತಿ ಕಟ್ಟಿದ ಪಂಚೆ, ಕೈಯಲ್ಲಿ ಆಳೆತ್ತರದ ಒಂದು ಬಿದಿರು. ಬಿದಿರಿನ ಗಂಟುಗಳನ್ನೆಲ್ಲ ಒಳಗಿನಿಂದ ಕೊರೆದು ಕೊಳವೆ ಮಾಡಿದ್ದಾನೆ. ಮೇಲಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೊಳವೆಯನ್ನು ನೀರಿಗೆ ಇಳಿಸುತ್ತಾನೆ. ತಳ ಮುಟ್ಟಿತು ಅನ್ನಿಸಿದಾಗ ಬೆರಳು ಸಡಿಲಿಸಿ, ಮತ್ತೆ ಒತ್ತಿ, ಮೇಲಕ್ಕೆ ಎಳೆಯುತ್ತಾನೆ. ತಳದ ನೀರು ಒಂದು ಗುಟುಕು ಅವನ ಅಂಗೈಗೆ ಬರುತ್ತದೆ. ಅದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಾನೆ.

ನಾನು ಹಿಂದೆ ನಿಂತು ಉಸಿರು ಬಿಗಿಹಿಡಿದಿದ್ದೇನೆ. ಮುತ್ತಣ್ಣ ನೀರು ಉಗಿದು, ಬಾಯಿ ಒರೆಸಿಕೊಂಡು, ತೀರ್ಪು ಹೇಳುತ್ತಾನೆ.

"ಅಡಿಯಂಗೆ ಚೂರ್ ಉಪ್ಪ್ ಬಂದಿತ್ತ್. ಮೇಲಿನ ನೀರ್ ಕಂಡ್ರೆ ಕುಡುಕೆ ಆತ್ತ್. ಅಡಿ ನೀರ್ ಕಳ್ಳ. ಕಳ್ಳ ಎಲ್ಲಾದ್ರೂ ಹೆಬ್ಬಾಗ್ಲಲ್ ಬತ್ನಾ ಪೇಪರ್ನೋರೆ?"

ಇಷ್ಟು ಹೇಳಿ ಅವನು ಎದೆಮಟ್ಟದ ನೀರಿಗೆ ಇಳಿಯುತ್ತಾನೆ. ಕಾಲಿನ ಬೆರಳಿನಲ್ಲೇ ಹುಡುಕಿ, ಕೆಳಗಿನಿಂದ ಎರಡನೆಯ ಹಲಗೆಯ ಸಂದಿಯನ್ನು ಪತ್ತೆ ಮಾಡಿ, ಜೇಡಿಮಣ್ಣು ಕಲಸಿದ ಬೈಹುಲ್ಲನ್ನು ಅಲ್ಲಿಗೆ ತುರುಕುತ್ತಾನೆ. ಪುಷ್ಯ ಮಾಸದ ಚಳಿಗೆ ಹಲ್ಲು ಕಟಕಟಿಸುತ್ತಿರುವುದು ದಡದ ಮೇಲೆ ಶಾಲು ಹೊದ್ದು ನಿಂತ ನನ್ನದು.

ಕುಂದಾಪುರದಿಂದ ದೋಣಿ ದಾಟಿ, ಇದ್ದಲಿನ ಬಸ್ಸಿನಲ್ಲಿ ಕೆಮ್ಮುತ್ತ ಹೆಮ್ಮಾಡಿಗೆ ಬಂದು ಇಳಿದು, ಪಡುವಣಕ್ಕೆ ಒಂದು ಮೈಲು ನಡೆದರೆ ಕೊಳ್ಕೆಬೈಲು. ಕೆಮ್ಮುವುದು ಬಸ್ಸೋ ಪ್ರಯಾಣಿಕರೋ ಎಂದು ಕೇಳಬೇಡಿ, ಇಬ್ಬರೂ. ಸಮುದ್ರದ ಭರತ ಹೊಳೆಯನ್ನು ಹತ್ತಿ, ಹೊಳೆಯಿಂದ ತೋಡಿಗೆ ನುಗ್ಗಿ, ದಿನಕ್ಕೆ ಎರಡು ಸಲ ಈ ಬೈಲಿನ ಬಾಗಿಲು ತಟ್ಟುತ್ತದೆ. ಮಳೆಗಾಲದಲ್ಲಿ ಸಿಹಿನೀರಿನ ರಭಸ ಅದನ್ನು ದೂರ ನಿಲ್ಲಿಸುತ್ತದೆ. ದೀಪಾವಳಿ ಕಳೆದು ಹೊಳೆ ಸೊರಗಿದ ಕೂಡಲೆ ಉಪ್ಪುನೀರು ಒಳಗೆ ಬರಲು ಹೊಂಚುಹಾಕುತ್ತದೆ. ಒಮ್ಮೆ ಬಂದರೆ ಸುಗ್ಗಿ ಬೆಳೆ ಸುಟ್ಟ ಹಾಗೆ. ಮುಂದೆ ಎರಡು ವರ್ಷ ಆ ಗದ್ದೆಯಲ್ಲಿ ಹುಲ್ಲೂ ನೆಟ್ಟಗೆ ಹುಟ್ಟುವುದಿಲ್ಲ. ಆದ್ದರಿಂದ ಪ್ರತಿ ವರ್ಷ ತೋಡಿಗೆ ಅಡ್ಡಲಾಗಿ ಮಣ್ಣಿನ ಕಟ್ಟ ಹಾಕಿ, ನಡುವೆ ಮರದ ಚೌಕಟ್ಟು ನಿಲ್ಲಿಸಿ, ಅದರೊಳಗೆ ಹೆಬ್ಬಲಸಿನ ಹನ್ನೊಂದು ಹಲಗೆಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ಯುದ್ಧ ಮುಗಿದರೂ ರೇಷನ್ ಮುಗಿಯದ, ಅಕ್ಕಿಯನ್ನು ಔನ್ಸಿನಲ್ಲಿ ತೂಗಿ ಕೊಡುವ ಈ ದಿನಗಳಲ್ಲಿ ಅರುವತ್ತು ಮನೆಗಳ ಅನ್ನ ಆ ಹಲಗೆಗಳ ಹಿಂದೆ ಇದೆ.

ತಡೆಯುವುದಷ್ಟೇ ಕೆಲಸವಾಗಿದ್ದರೆ ಒಂದು ಕಲ್ಲಿನ ಗೋಡೆ ಸಾಕಿತ್ತು, ಮುತ್ತಣ್ಣ ಬೇಕಿರಲಿಲ್ಲ. ತೆಂಕು ದಡದ ಮೇಲುಗದ್ದೆಗಳು ಅಣ್ಣಯ್ಯ ಶೆಟ್ಟರವು. ತೋಡಿನಲ್ಲಿ ಸಿಹಿನೀರು ತುಂಬಿ ನಿಂತಿರಬೇಕು ಎಂಬುದು ಅವರ ಆಸೆ, ಇಲ್ಲವಾದರೆ ಅವರು ನೀರೆತ್ತುವ ಏತಕ್ಕೆ ನೀರು ಎಟುಕುವುದಿಲ್ಲ. ಬಡಗು ದಡದ ತಗ್ಗುಗದ್ದೆಗಳು ವೈಕುಂಠ ಹೇರ್ಳೆಯವರವು. ಅವರಿಗೆ ನೀರು ಹರಿದುಹೋಗಬೇಕು, ಇಲ್ಲವಾದರೆ ಪೈರಿನ ಬುಡ ಕೊಳೆಯುತ್ತದೆ. ಕಟ್ಟದ ಹೊರಗೆ ಬಲೆ ಬೀಸುವ ಐತ ಮತ್ತು ಅವನ ಜೊತೆಯವರಿಗೆ ಭರತದ ಹೊತ್ತಿಗೆ ಹಲಗೆ ತೆಗೆದುಬಿಡಬೇಕು, ಸಿಗಡಿ ಒಳಗೆ ಹೋಗಿ ಕೊಬ್ಬಿ ಹೊರಗೆ ಬರಬೇಕು. ಹಲಗೆಗಳು ಮಾತ್ರ ಅವೇ ಹನ್ನೊಂದು. ಒಂದನ್ನು ಎತ್ತಿದರೆ ಹೇರ್ಳೆಯವರ ಮುಖ ಅರಳುತ್ತದೆ, ಶೆಟ್ಟರದು ಬಾಡುತ್ತದೆ. ಇಳಿಸಿದರೆ ತಿರುಗುಮುರುಗು. ಎತ್ತಿದರೂ ಇಳಿಸಿದರೂ ಐತ ಬೈಯುತ್ತಾನೆ, ಏಕೆಂದರೆ ಅವನು ಕೇಳಿದ ಹೊತ್ತಿಗೆ ಯಾವತ್ತೂ ಎತ್ತುವುದಿಲ್ಲ.

ಈ ಮೂವರ ನಡುವೆ ನಿಂತು ಇಪ್ಪತ್ತೆಂಟು ವರ್ಷದಿಂದ ಹಲಗೆ ಎತ್ತುತ್ತ ಇಳಿಸುತ್ತ ಇರುವ ಮುತ್ತಣ್ಣನಿಗೆ ಈಗ ಐವತ್ತಾರು. ದಿನಕ್ಕೆ ಎಂಟು ಸಲ ನೀರಿನ ರುಚಿ ನೋಡುತ್ತಾನೆ, ಹೊರಗೆ ನಾಲ್ಕು, ಒಳಗೆ ನಾಲ್ಕು. ಭರತ ದಿನಕ್ಕೆ ಎರಡು ಗಳಿಗೆ ತಡವಾಗಿ ಬರುತ್ತದೆ, ಆದ್ದರಿಂದ ಅವನ ದಿನವೂ ಪ್ರತಿದಿನ ಎರಡು ಗಳಿಗೆ ಜಾರುತ್ತದೆ. ಇಂದು ನಡುಹಗಲಿಗೆ ಉಂಡವನು ಮುಂದಿನ ವಾರ ಸಂಜೆಗೆ ಉಣ್ಣುತ್ತಾನೆ. ಗಡಿಯಾರ ಇಟ್ಟುಕೊಂಡವರಿಗೆ ಅವನು ಸೋಮಾರಿಯ ಹಾಗೆ ಕಾಣುತ್ತಾನೆ, ಯಾಕೆಂದರೆ ಅವರು ನೋಡುವ ಹೊತ್ತಿಗೆ ಅವನು ಮಲಗಿರುತ್ತಾನೆ.

ಇನ್ನು ಉಪ್ಪಿನ ವಿಚಾರ. ಇದಕ್ಕಾಗಿಯೇ ನಾನು ಇಷ್ಟು ದೂರ ಕೆಮ್ಮಿಕೊಂಡು ಬಂದದ್ದು.

ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂದು ನಾವೆಲ್ಲ ಹೇಳುತ್ತೇವೆ. ಬಾಯಿಮಾತಿಗೆ ಹೇಳುತ್ತೇವೆ, ಅಷ್ಟೆ. ಕೊಳ್ಕೆಬೈಲಿನವರು ಗಾದೆಯನ್ನೇ ಹಿಡಿದು ಕಾನೂನು ಮಾಡಿಬಿಟ್ಟಿದ್ದಾರೆ. ಹಲಗೆ ಇಳಿದ ದಿನದಿಂದ ಮುಂಗಾರಿಗೆ ಅದು ಮೇಲೆ ಬರುವವರೆಗೆ, ಕಟ್ಟ ಕಾಯುವವನು ಎರಡೂ ದಡದಲ್ಲಿ ಯಾರ ಮನೆಯ ಉಪ್ಪನ್ನೂ ತಿನ್ನುವಂತಿಲ್ಲ. ತಿಂದರೆ ಆ ದಡಕ್ಕೆ ಋಣಿ, ಋಣಿ ಎತ್ತಿದ ಹಲಗೆಗೆ ಬೆಲೆಯಿಲ್ಲ. ಮುತ್ತಣ್ಣನ ಅಜ್ಜ ತಿನ್ನಲಿಲ್ಲ, ಅಪ್ಪ ತಿನ್ನಲಿಲ್ಲ. ಮುತ್ತಣ್ಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತನ್ನ ಮನೆಯ ಉಪ್ಪನ್ನೂ ಬಿಟ್ಟಿದ್ದಾನೆ. ಬಾಯಿಗೆ ಉಪ್ಪು ತಾಗಿದರೆ ನಾಲಿಗೆ ಮಂಕಾಗುತ್ತದೆ, ಹೊಳೆಯ ಉಪ್ಪು ತಿಳಿಯುವುದಿಲ್ಲ ಎಂಬುದು ಅವನ ಲೆಕ್ಕ. ವರ್ಷಕ್ಕೆ ಆರು ತಿಂಗಳು ಉಪ್ಪಿಲ್ಲದ ಗಂಜಿ, ಉಪ್ಪಿಲ್ಲದ ಸಾರು. ನಂಜಿಕೊಳ್ಳಲು ಬೆಲ್ಲ.

ಅವನ ಹೆಂಡತಿ ಪುಷ್ಪಕ್ಕನ ಹತ್ತಿರ ಇದರ ಬಗ್ಗೆ ಕೇಳಿದೆ. ಕೇಳಬಾರದಿತ್ತು, ನನ್ನ ಅರ್ಧ ಪುಸ್ತಕ ತುಂಬಿತು.

"ಇವ್ರಿಗೊಂದ್ ಮಡ್ಕಿ, ನಂಗೊಂದ್ ಮಡ್ಕಿ. ಮದಿ ಆಯ್ ಈ ಮನಿಗ್ ಬಂದ್ ವರ್ಷ ಸಾರಿಗ್ ಉಪ್ಪ್ ಹಾಕುಕೆ ಮರ್ತ್ ಹೆದ್ರಿ ಕೂಕಂಡಿದ್ದೆ. ಇವ್ರ್ ಎರಡ್ ಸಲ ಹಾಕ್ಸ್ಕಂಡ್ ಉಂಡ್ರ್. ಇದ್ ಸಮಾ ಇಲ್ದ್ ಮನಿ ಅಂದೇಳಿ ಆವತ್ತೇ ಗೊತ್ತಾಯ್ತ್."

ಎರಡು ವರ್ಷದ ಹಿಂದೆ ಶೆಟ್ಟರ ಮಗಳು ಉಮಾವತಿಯ ಮದುವೆಯಲ್ಲಿ ನಡೆದ ಸಂಗತಿಯನ್ನು ಊರೆಲ್ಲ ಹೇಳುತ್ತದೆ. ಮುತ್ತಣ್ಣನೂ ಅಂಗಳದ ಪಂಕ್ತಿಯಲ್ಲಿ ಕುಳಿತಿದ್ದ. ಎಲೆಯ ತುದಿಗೆ ಉಪ್ಪು ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದ. ಅನ್ನ, ಹಾಲು, ಪಾಯಸ, ನಾಲ್ಕು ಬಾಳೆಹಣ್ಣು, ಇಷ್ಟು ಅವನ ಊಟ. ಕೊನೆಗೆ ಬಂದ ಮಜ್ಜಿಗೆಗೆ ಶೆಟ್ಟರ ಮನೆಯವರು ಯಾರೋ ತಮಾಷೆಗೋ ಉಪಾಯಕ್ಕೋ ಚಿಟಿಕೆ ಉಪ್ಪು ಹಾಕಿ ಕದಡಿದ್ದರು. ಮುತ್ತಣ್ಣ ತುಟಿಗೆ ತಾಗಿಸಿದವನು ಹಾಗೆಯೇ ಎದ್ದು, ಲೋಟವನ್ನು ತೆಂಗಿನ ಬುಡಕ್ಕೆ ಸುರಿದು, ಬಾಯಿ ಮುಕ್ಕಳಿಸಿ, ಮತ್ತೆ ಬಂದು ಕುಳಿತು ಐದನೆಯ ಬಾಳೆಹಣ್ಣು ಕೇಳಿದ. ಶೆಟ್ಟರು ಆಗ ನಕ್ಕರು. ಮರುದಿನ ಬೆಳಗ್ಗೆ ಹಲಗೆ ಎದ್ದು ತೋಡಿನ ನೀರು ಒಂದು ಗೇಣು ಇಳಿದಾಗ ನಗಲಿಲ್ಲ. ಹಲಗೆ ಎತ್ತುವ ಸರದಿ ಅಂದು ಇತ್ತು, ಅದಕ್ಕೂ ಮಜ್ಜಿಗೆಗೂ ಸಂಬಂಧವಿಲ್ಲ ಎಂದು ಮುತ್ತಣ್ಣ ಇಂದಿಗೂ ಹೇಳುತ್ತಾನೆ.

ಇಷ್ಟು ಕಷ್ಟಕ್ಕೆ ಸಿಗುವುದು ಏನು? ಎರಡು ಸಂಗತಿ. ಒಂದು, ಇಳಿತದ ಹೊತ್ತಿಗೆ ಹಲಗೆ ಎತ್ತಿದಾಗ ನೀರಿನೊಡನೆ ಹೊರಗೆ ಹೋಗುವ ಮೀನು. ಅದಕ್ಕೆ ಬಾಗಿಲಲ್ಲೇ ಬಿದಿರ ಕಡ್ಡಿಯ ಕೂಳಿ ಇಟ್ಟಿದ್ದಾನೆ. ಬಿದ್ದದ್ದು ಅವನದು, ಮಾರುವುದು ಪುಷ್ಪಕ್ಕ. ಇನ್ನೊಂದು, ಕಟ್ಟದ ಬುಡದಲ್ಲೇ ಇರುವ ಸಣ್ಣ ಗದ್ದೆ. ಹೆಸರಿಗೆ ಅದು ಶೆಟ್ಟರದು, ಕಟ್ಟ ಕಾಯುವಷ್ಟು ಕಾಲ ಮುತ್ತಣ್ಣನದು, ಗೇಣಿ ಇಲ್ಲ. ಬೈಲಿನಲ್ಲೇ ಅತ್ಯಂತ ತಗ್ಗಿನ, ಅತ್ಯಂತ ಕೆಟ್ಟ ಗದ್ದೆ ಅದು. ಅದನ್ನು ನೋಡಿ ನನಗೆ ಸಿಟ್ಟು ಬಂತು. ಊರಿಗೆಲ್ಲ ಅನ್ನ ಉಳಿಸುವವನಿಗೆ ಊರಿನ ಕಸದಂಥ ಗದ್ದೆ ಎಂದು ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಆ ಸಾಲು ಏನಾಯಿತು ಎಂಬುದು ಮುಂದೆ ಬರುತ್ತದೆ.

ಈಗ ಆ ಗದ್ದೆಗೂ ಕಂಟಕ ಬಂದಿದೆ. ಸರಕಾರಕ್ಕೆ ಅಕ್ಕಿಯ ಚಿಂತೆ ಹತ್ತಿ, ಹೆಚ್ಚು ಬೆಳೆಯಿರಿ ಎಂಬ ಚೀಟಿ ಮರಮರಕ್ಕೆ ಅಂಟಿದೆ. ಉಪ್ಪುನೀರಿನ ಕಟ್ಟಗಳನ್ನೆಲ್ಲ ಒಂದು ವ್ಯವಸ್ಥೆಗೆ ತರಬೇಕು ಎಂದು ಯಾವುದೋ ಕಚೇರಿಯಲ್ಲಿ ನಿರ್ಣಯವಾಗಿದೆ. ಯಾವ ಕಚೇರಿ ಎಂದು ಮೊಹರು ನೋಡಿಯೂ ನನಗೆ ಗೊತ್ತಾಗಲಿಲ್ಲ. ಆ ನಿರ್ಣಯದ ಪ್ರಕಾರ ಪ್ರತಿ ಕಟ್ಟಕ್ಕೂ ತಿಂಗಳಿಗೆ ಹದಿನೆಂಟು ರೂಪಾಯಿ ಸಂಬಳದ ಒಬ್ಬ ಕಾವಲುಗಾರ. ಅವನ ಹೆಸರನ್ನು ಊರಿನ ಪ್ರಮುಖರು ಸೂಚಿಸಬೇಕು. ಸಂಬಳ ಬಂದ ಮೇಲೆ ಮೀನಿನ ಹಕ್ಕು ಏಲಂ, ಗದ್ದೆ ಮೂಲ ಒಡೆಯರಿಗೆ ವಾಪಸ್ಸು. ಶೆಟ್ಟರ ಮನಸ್ಸಿನಲ್ಲಿ ಅಳಿಯ ಚಂದು ಇದ್ದಾನೆ. ಹೇರ್ಳೆಯವರ ಮನಸ್ಸಿನಲ್ಲಿ ಅವರ ಕಡೆಯವನು ಇನ್ನೊಬ್ಬ. ಮುತ್ತಣ್ಣನ ಹೆಸರು ಇಬ್ಬರ ಬಾಯಲ್ಲೂ ಇಲ್ಲ. ಹಲಗೆ ಹೋದರೆ ಗದ್ದೆ ಹೋಯಿತು, ಗದ್ದೆ ಹೋದರೆ ಮುತ್ತಣ್ಣ ಐವತ್ತಾರನೆಯ ವಯಸ್ಸಿನಲ್ಲಿ ಬೇರೆ ಊರಿಗೆ ಕೂಲಿಗೆ ಹೋಗಬೇಕು.

ಇದನ್ನು ವಿಚಾರಿಸಿ ಶನಿವಾರದೊಳಗೆ ವರದಿ ಬರೆಯಲು ಬಂದ ಅಧಿಕಾರಿ ಶಾಮರಾಯರು. ಸಾಲಿಗ್ರಾಮದ ಕಡೆಯವರೇ, ಮದರಾಸಿನಲ್ಲಿ ಅರ್ಥಶಾಸ್ತ್ರ ಓದಿದವರು, ಮೂವತ್ತು ದಾಟಿಲ್ಲ, ಒಳ್ಳೆಯ ಮನುಷ್ಯ. ನೀರಿನ ಉಪ್ಪನ್ನು ಅಳೆಯುವ ಒಂದು ಗಾಜಿನ ಕೊಳವೆಯನ್ನು ಹತ್ತಿಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದಿದ್ದಾರೆ. ಅವರಿಗೆ ಕಟ್ಟಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ಹೊರಗಿನ ನೀರನ್ನು ಒಳಗೆ ಬಿಟ್ಟಷ್ಟೂ ಮುತ್ತನ ಕೂಳಿಗೆ ಮೀನು ಹೆಚ್ಚು. ಕಾಯುವವನೂ ಅವನೇ, ಕೇಳುವವರಿಲ್ಲ. ಆದರೂ ಅವನು ಬಿಡುವುದಿಲ್ಲ. ಇದು ತಾವು ಓದಿದ ಯಾವ ಪುಸ್ತಕಕ್ಕೂ ಹೊಂದುವುದಿಲ್ಲ ಎಂದು ಶಾಮರಾಯರು ನನ್ನ ಹತ್ತಿರ ಸಂಕಟ ತೋಡಿಕೊಂಡರು.

ಅವರು ಸಿಕ್ಕಸಿಕ್ಕವರನ್ನು ಕೇಳಿದರು. ತಮ್ಮ ಮೇಲಿನ ಹೆದರಿಕೆ ಎಂದರು ಶೆಟ್ಟರು. ದೇವರ ಹೆದರಿಕೆ ಎಂದರು ಹೇರ್ಳೆಯವರು. ಅವನಿಗೆ ಬುದ್ಧಿ ಇಲ್ಲ ಎಂದ ಐತ. ಇಪ್ಪತ್ತೆಂಟು ವರ್ಷದಲ್ಲಿ ಐತ ಹೇಳಿದ ಒಂದೇ ಸರಿಯಾದ ಮಾತು ಅದು ಎಂದಳು ಪುಷ್ಪಕ್ಕ. ಮುತ್ತಣ್ಣನನ್ನೇ ಕೇಳಿದಾಗ ಅವನು ಭರತದ ಹೊತ್ತಾಯಿತು ಎಂದು ಎದ್ದುಹೋದ. ಅಷ್ಟು ಓದಿದವರು ಇಷ್ಟು ಸಣ್ಣದನ್ನು ಕೇಳುವುದು ಯಾಕೆ ಎಂದು ಅವನಿಗೆ ನಾಚಿಕೆಯಾಯಿತಂತೆ.

ಗಾಜಿನ ಕೊಳವೆಗೂ ನಾಲಿಗೆಗೂ ಪಂದ್ಯ ಇಡದೆ ಊರು ಬಿಡುತ್ತದೆಯೆ? ಬುಧವಾರ ಬೆಳಗ್ಗೆ, ನಾನು ಮೊದಲು ಹೇಳಿದ ಆ ಜಾವ ಕಳೆದು ಬಿಸಿಲು ಬಂದ ಮೇಲೆ, ಶಾಮರಾಯರು ಆರು ಕರಟಗಳಲ್ಲಿ ನೀರು ಇಟ್ಟರು. ಐದು ತೋಡಿನ ಬೇರೆ ಬೇರೆ ಜಾಗದ್ದು. ಆರನೆಯದು ಬಾವಿಯ ನೀರಿಗೆ ಅವರೇ ಗುಟ್ಟಾಗಿ ಉಪ್ಪು ಬೆರೆಸಿದ್ದು. ಮುತ್ತಣ್ಣ ಒಂದೊಂದೇ ನಾಲಿಗೆಗೆ ತಾಗಿಸಿ, ಉಪ್ಪು ಕಡಿಮೆಯಿದ್ದದ್ದರಿಂದ ಹೆಚ್ಚಿನದಕ್ಕೆ ಕರಟಗಳನ್ನು ಸಾಲಾಗಿ ಜೋಡಿಸಿದ. ಕೊಳವೆಯ ಲೆಕ್ಕವೂ ಅದೇ ಸಾಲು ಹೇಳಿತು. ಐದೂ ಸರಿ. ಆರನೆಯದನ್ನು ಮಾತ್ರ ಅವನು ಸಾಲಿಗೆ ಸೇರಿಸಲಿಲ್ಲ.

"ಇದ್ ಹೊಳಿ ಉಪ್ಪಲ್ಲ. ಇದ್ ಅಂಗ್ಡಿ ಉಪ್ಪ್," ಎಂದ. ಆಮೇಲೆ ಬಹಳ ಬೇಸರದಿಂದ, ತನ್ನ ವ್ರತ ಕೆಡಿಸಿದಿರಿ ಎಂದು ಗೊಣಗಿ, ಬಾವಿಕಟ್ಟೆಗೆ ಹೋಗಿ ಹನ್ನೆರಡು ಸಲ ಬಾಯಿ ಮುಕ್ಕಳಿಸಿದ. ಹನ್ನೆರಡನ್ನೂ ಪುಷ್ಪಕ್ಕ ಎಣಿಸಿದಳು.

ಶಾಮರಾಯರು ಸಂತೋಷಪಟ್ಟರು. ಅಳತೆ ಎರಡೂ ಒಂದೇ ಅಂದ ಮೇಲೆ ಜಗಳವಿಲ್ಲ, ಕೊಳವೆ ಯಾರ ಕೈಯಲ್ಲಿದ್ದರೂ ಕಟ್ಟ ನಡೆಯುತ್ತದೆ ಎಂದು ಬರೆದುಕೊಂಡರು. ಅಷ್ಟರಲ್ಲಿ ಎರಡೂ ದಡದವರು ಬಂದು ಸೇರಿದರು. ಅವತ್ತಿನ ಇಳಿತಕ್ಕೆ ಎಷ್ಟು ಹಲಗೆ ಎತ್ತಬೇಕು ಎಂದು ಎಂದಿನಂತೆ ಗದ್ದಲ ಎದ್ದಿತು. ಶಾಮರಾಯರು ಕೊಳವೆಯನ್ನು ತಳದ ನೀರಿಗೆ ಅದ್ದಿ, ಪಟ್ಟಿ ನೋಡಿ, ಎರಡು ಹಲಗೆ ಎಂದರು. ಸರಿಯಾದ ತೀರ್ಪೇ. ಮುತ್ತಣ್ಣನೂ ಎರಡು ಎಂದೇ ಅಂದುಕೊಂಡಿದ್ದ.

ಆದರೆ ಶಾಮರಾಯರು ಸೋಮವಾರ ಉಂಡದ್ದು ಅಣ್ಣಯ್ಯ ಶೆಟ್ಟರ ಮನೆಯಲ್ಲಿ. ಮಂಗಳವಾರ ವೈಕುಂಠ ಹೇರ್ಳೆಯವರ ಮನೆಯಲ್ಲಿ. ಬಡಗು ದಡದವರು ಅವರನ್ನು ಸೋಮವಾರದ ಉಪ್ಪಿನವರು ಎಂದರು, ತೆಂಕು ದಡದವರು ಮಂಗಳವಾರದ ಉಪ್ಪಿನವರು ಎಂದರು. ಎರಡೂ ಕಡೆ ಉಂಡವನು ಸರಿಸಮ ಅಲ್ಲವೆ ಎಂದು ಶಾಮರಾಯರು ವಾದಿಸಿ ನೋಡಿದರು. ಹೇರ್ಳೆಯವರ ಹೆಂಡತಿ ಗೋಮತಮ್ಮ, ಶೆಟ್ಟರ ಮನೆಯ ಊಟಕ್ಕಿಂತ ತಮ್ಮ ಮನೆಯಲ್ಲಿ ಒಂದು ಹೋಳು ಉಪ್ಪಿನಕಾಯಿ ಹೆಚ್ಚು ಬಡಿಸಿದ್ದಾಗಿ ಮನೆಯೊಳಗಿನಿಂದಲೇ ಹೇಳಿಕಳಿಸಿದ್ದು ಅವರ ವಾದವನ್ನು ಮುಗಿಸಿತು. ನಾನು ಮೆಲ್ಲಗೆ ಹಿಂದಕ್ಕೆ ಸರಿದೆ. ನಾನೂ ಎರಡೂ ಮನೆಯಲ್ಲಿ ಉಂಡವನು, ಗೋಮತಮ್ಮನ ಉಪ್ಪಿನಕಾಯಿ ಎರಡು ಸಲ ಹಾಕಿಸಿಕೊಂಡವನು. ಈ ಲೇಖನಕ್ಕೆ ಕೊಳ್ಕೆಬೈಲಿನಲ್ಲಿ ಬೆಲೆ ಸಿಗದಿದ್ದರೆ ಅದು ನ್ಯಾಯ.

ಕೊನೆಗೆ ಪಂಚಾಯಿತಿಕೆಯಲ್ಲಿ ತೀರ್ಮಾನವಾಯಿತು. ಅಧಿಕಾರಿಗಳ ವರದಿಯನ್ನು ಊರು ಒಪ್ಪಬೇಕಾದರೆ ಅವರು ಮೂರು ದಿನ ಉಪ್ಪು ಬಿಡಬೇಕು, ಮೈಯಲ್ಲಿದ್ದ ಋಣ ಇಳಿಯಬೇಕು. ಸರಕಾರದ ಯಾವ ಕಾಯಿದೆಯಲ್ಲೂ ಹೀಗೆ ಇಲ್ಲ ಎಂದರು ಶಾಮರಾಯರು. ಹಾಗಾದರೆ ಸರಕಾರವೇ ಬಂದು ಹಲಗೆ ಎತ್ತಲಿ ಎಂದರು ಊರವರು. ಉಪ್ಪಿಗೆಲ್ಲ ಸುಂಕ ಹಾಕಿ ಮಾರುವ ಸರಕಾರ ಯಾರಿಗೆ ತಾನೇ ಋಣಿಯಲ್ಲ, ಅದರ ಹಲಗೆ ಯಾರು ನಂಬುತ್ತಾರೆ ಎಂದು ಐತ ಹಿಂದಿನಿಂದ ಸೇರಿಸಿದ.

ಅಧಿಕಾರಿಗಳು ಶಾಲೆಯ ಜಗಲಿಗೆ ಬಿಡಾರ ಬದಲಾಯಿಸಿದರು. ಮೂರು ಕಲ್ಲು ಹೂಡಿ ಸ್ವಂತ ಕೈಯಿಂದ ಗಂಜಿ ಬೇಯಿಸಿಕೊಂಡರು. ಬುಧವಾರ ಅವರು ನನ್ನೊಡನೆ ಅರ್ಥಶಾಸ್ತ್ರ ಮಾತಾಡಿದರು. ಗುರುವಾರ ತಾಯಿಯ ಕೈಯಡುಗೆ ಮಾತಾಡಿದರು. ಶುಕ್ರವಾರ ಗಂಜಿಯ ತಟ್ಟೆಯನ್ನು ನೋಡುತ್ತ ಕುಳಿತಿದ್ದರು. ಮುತ್ತಣ್ಣ ಅವರನ್ನು ನೋಡಿ ಮರುಕಪಟ್ಟು ಒಂದು ಅಚ್ಚು ಬೆಲ್ಲ ತಂದು ಕೊಟ್ಟ. ಮೊದಲ ನಾಲ್ಕು ದಿನ ಕಷ್ಟ, ಆಮೇಲೆ ಅನ್ನಕ್ಕೂ ಒಂದು ರುಚಿ ಇದೆ ಎಂದು ಗೊತ್ತಾಗುತ್ತದೆ ಎಂದು ಧೈರ್ಯ ಹೇಳಿದ. ನಾಲ್ಕನೆಯ ದಿನ ಮುಗಿಯುವವರೆಗೆ ತಾವು ಇಲ್ಲಿರುವುದಿಲ್ಲ ಎಂದು ಶಾಮರಾಯರು ಬಹಳ ನೆಮ್ಮದಿಯಿಂದ ಉತ್ತರ ಕೊಟ್ಟರು.

ಈ ಮೂರು ದಿನವೂ ಪುಷ್ಪಕ್ಕ ನಗಲಿಲ್ಲ. ಎಲ್ಲರೂ ಉಪ್ಪಿನ ತಮಾಷೆಯಲ್ಲಿ ಇದ್ದಾಗ ಅವಳು ಮಾತ್ರ ಆ ತಗ್ಗುಗದ್ದೆಯ ಪೈರಿನ ನಡುವೆ ಕಳೆ ಕೀಳುತ್ತಿದ್ದಳು. ಶನಿವಾರದ ಮೇಲೆ ಆ ಪೈರು ಯಾರು ಕೊಯ್ಯುವರೋ ಗೊತ್ತಿಲ್ಲ. ಆದರೂ ಕಳೆ ಬಿಡಬಾರದಲ್ಲ ಎಂದಳು.

ಶನಿವಾರ ಬಂತು. ಇಳಿತದ ಹೊತ್ತಿಗೆ ಎಲ್ಲರೂ ಕಟ್ಟದ ಮೇಲೆ ಸೇರಿದ್ದಾರೆ. ಶೆಟ್ಟರು ಕೊಡೆ ಊರಿ ನಿಂತಿದ್ದಾರೆ, ಹೇರ್ಳೆಯವರು ಎದುರು ದಡದಲ್ಲಿ. ಮುತ್ತಣ್ಣ ಸೊಂಟದವರೆಗೆ ನೀರಿನಲ್ಲಿದ್ದಾನೆ, ವರದಿ ಇರಲಿ ಬಿಡಲಿ ಹಲಗೆ ಎತ್ತುವ ಹೊತ್ತು ಅದು. ಶಾಮರಾಯರು ಸ್ವಲ್ಪ ಸೊರಗಿದ್ದಾರೆ, ದನಿ ಮಾತ್ರ ಗಟ್ಟಿಯಾಗಿದೆ. ಸಂಬಳದ ಕಾವಲುಗಾರ ಬೇಡ ಎಂದು ಅವರು ಓದುತ್ತಾರೆ. ಹದಿನೆಂಟು ರೂಪಾಯಿ ಕೊಟ್ಟರೂ ಅವನು ಯಾರಾದರೊಬ್ಬರ ಮನೆಯಲ್ಲಿ ಉಣ್ಣದೆ ಇರಲಾರ, ಉಪ್ಪು ಬಿಡುವುದು ಎಷ್ಟು ಕಷ್ಟ ಎಂದು ಈ ಅಧಿಕಾರಿ ಸ್ವತಃ ಪರೀಕ್ಷಿಸಿದ್ದಾನೆ. ಕಟ್ಟ ಮುತ್ತನ ಕೈಯಲ್ಲೇ ಇರಲಿ, ಮೀನಿನ ಹಕ್ಕೂ ಇರಲಿ. ಚಂದು ಮುಖ ಗಂಟಿಕ್ಕಿದ. ಪುಷ್ಪಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶಾಮರಾಯರು ಅಲ್ಲಿಗೆ ನಿಲ್ಲಿಸಲಿಲ್ಲ. ಬೈಲಿನ ಅತ್ಯಂತ ಕೆಟ್ಟ ಗದ್ದೆಯನ್ನು ಇಂಥ ಮನುಷ್ಯನಿಗೆ ಕೊಟ್ಟಿರುವುದು ಅನ್ಯಾಯ, ಅದರ ಬದಲಿಗೆ ಮೇಲುಗದ್ದೆಗಳಲ್ಲಿ ಒಳ್ಳೆಯದೊಂದನ್ನು ಕೊಡತಕ್ಕದ್ದು ಎಂದು ಓದಿದರು. ನನ್ನ ಪುಸ್ತಕದ ಎರಡು ಗೆರೆಯ ಸಾಲನ್ನು ನಾನೇ ಅವರಿಗೆ ಓದಿ ಹೇಳಿದ್ದೆ, ಹೆಮ್ಮೆಯಿಂದ ಎದೆಯುಬ್ಬಿಸಿ ನಿಂತೆ. ಅಣ್ಣಯ್ಯ ಶೆಟ್ಟರು ಒಂದು ಕ್ಷಣವೂ ತಡಮಾಡದೆ, ಆಗಬಹುದು, ನಾಳೆಯೇ ಬಿಟ್ಟುಕೊಡುತ್ತೇನೆ ಎಂದರು. ಜಿಪುಣತನಕ್ಕೆ ಮೂರೂರಿಗೆ ಹೆಸರಾದ ಶೆಟ್ಟರು ಇಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಮುತ್ತಣ್ಣನಿಗೆ ಬಂತು. ಎತ್ತಿದ ಹಲಗೆಯನ್ನು ದಡಕ್ಕೆ ಒರಗಿಸಿ, ಮುಖದ ನೀರು ಒರೆಸಿಕೊಂಡ.

"ಮೇಲ್ಗದ್ದೆ ಬ್ಯಾಡ ಅಯ್ಯ," ಎಂದ. "ಅದ್ ತಕಂಡ್ರೆ ನಂಗೂ ನಿಂತ್ ನೀರೇ ಬೇಕ್, ಶೆಟ್ರಿಗೂ ನಿಂತ್ ನೀರೇ ಬೇಕ್. ಮತ್ ಹಲ್ಗಿ ಎತ್ತುದ್ ಯಾರ್? ಬುಡದ್ ಗದ್ದಿಯೇ ಇರ್ಲಿ. ಉಪ್ಪ್ ನೀರ್ ಒಳ್ಗ್ ಬಂದ್ರೆ ಮೊದ್ಲ್ ಸಾಯುದ್ ನನ್ ಗದ್ದಿ. ಹೇರ್ಳರ ಗದ್ದಿಗ್ ಬಪ್ಪುಕೆ ಎರಡ್ ದಿನ ಬೇಕ್, ಶೆಟ್ರ ಗದ್ದಿಗೆ ಎಂಟ್ ದಿನ."

ಶಾಮರಾಯರು ಕನ್ನಡಕ ತೆಗೆದರು. ವಾರವಿಡೀ ಊರೆಲ್ಲ ಕೇಳಿದ ಪ್ರಶ್ನೆಗೆ ಉತ್ತರ ಅವರ ಕಾಲಬುಡದಲ್ಲೇ ಹಸಿರಾಗಿ ನಿಂತಿತ್ತು. ಒಂದು ಬುಟ್ಟಿ ಮೀನಿನ ಆಸೆಗೆ ಹೊರಗಿನ ನೀರು ಬಿಟ್ಟರೆ ಮುತ್ತಣ್ಣನ ವರ್ಷದ ಅನ್ನ ಮೊದಲು ಹೋಗುತ್ತದೆ. ಅವನ ಅಜ್ಜನ ಕಾಲದಲ್ಲಿ ಆ ಗದ್ದೆಯನ್ನು ಆರಿಸಿ ಕೊಟ್ಟವರು ಜಿಪುಣರೂ ಆಗಿದ್ದಿರಬಹುದು, ದಡ್ಡರಂತೂ ಆಗಿರಲಿಲ್ಲ. ನಾನು ನನ್ನ ಎರಡು ಗೆರೆಯ ಸಾಲನ್ನು ಯಾರಿಗೂ ಕಾಣದ ಹಾಗೆ ಹೊಡೆದುಹಾಕಿದೆ. ಶೆಟ್ಟರು ಕೊಡೆ ಬಿಚ್ಚಿ ಮುಖ ಮರೆಮಾಡಿಕೊಂಡರು, ಬಿಸಿಲೇನೂ ಇರಲಿಲ್ಲ.

ಪುಷ್ಪಕ್ಕನಿಗೆ ಈ ಲೆಕ್ಕ ಯಾವುದೂ ಬೇಕಾಗಿರಲಿಲ್ಲ. ಕೈಗೆ ಬಂದ ಒಳ್ಳೆಯ ಗದ್ದೆ ಹೋಗುತ್ತಿರುವುದನ್ನು ನೋಡಿ ಅವಳು ಮುಂದೆ ಬಂದಳು. ಅಷ್ಟು ಜನರ ಎದುರು ಅವಳು ಮಾತಾಡಿದ್ದು ಅದೇ ಮೊದಲಂತೆ.

"ಇಪ್ಪತ್ತೆಂಟ್ ವರ್ಷ ಆಯ್ತ್ ಅಯ್ಯ, ಇವ್ರ್ ಸಮಾ ನಿದ್ರಿ ಮಾಡಿದ್ದ್ ನಾನ್ ಕಾಣ್ಲಿಲ್ಲ. ನೀರಿನ್ ಸದ್ದ್ ಚೂರ್ ಬದ್ಲಾದ್ರೂ ಎದ್ದ್ ಓಡ್ತ್ರ್. ಮೇಲ್ಗದ್ದೆ ಸಿಕ್ರೆ ಒಂದಿನ ಆದ್ರೂ ಕಣ್ ತುಂಬ ನಿದ್ರಿ ಮಾಡ್ತ್ರ್. ನಂಗ್ ಬೇರೆ ಎಂತದೂ ಬ್ಯಾಡ."

ಶಾಮರಾಯರು ವರದಿಯ ಕೊನೆಯ ಹಾಳೆ ತೆರೆದು, ಪ್ರತಿಫಲ ಎಂಬಲ್ಲಿ ಏನು ಬರೆಯಲಿ ಎಂದು ಮೆಲ್ಲಗೆ ಕೇಳಿದರು. ಮುತ್ತಣ್ಣ ಹೆಂಡತಿಯ ಮುಖ ನೋಡಿದ.

"ಅವ್ಳ್ ಹೇಳುದ್ ಸತ್ಯ," ಎಂದ. "ಮೇಲ್ಗದ್ದೆ ಕೊಟ್ರೆ ನಂಗೆ ಕಣ್ ತುಂಬ ನಿದ್ರಿ ಬತ್ತ್. ಅದ್ಕೇ ಬ್ಯಾಡ ಅಂಬುದ್. ಬುಡದ್ ಗದ್ದೆ ಅಂದೇಳಿ ಬರ್ಕಣಿ ಅಯ್ಯ. ಕಟ್ಟ ಕಾಯುವವ್ನಿಗೆ ಅಷ್ಟ್ ಒಳ್ಳೆ ನಿದ್ರಿ ಬರ್ಬಾರ್ದ್."